ಬಸಿದ ಕಟ್ಟಿನಲ್ಲಿ ಅಡಗಿರುವ ರುಚಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಭಾಗದಲ್ಲಿದ್ದು, ಅರಕಲಗೂಡಿನ ಹೊಳೆದಂಡೆಯ ಗದ್ದೆಗಳಿಂದ ಚನ್ನರಾಯಪಟ್ಟಣದ ತೆಂಗಿನ ತೋಟಗಳವರೆಗೆ ಇಲ್ಲಿನ ಬೆಳೆಗಳಲ್ಲಿ ಸಾಕಷ್ಟು ಭೇದವಿದೆ. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನಾಲೆಯ ನೀರು ಹರಿದ ಕಡೆಗಳಲ್ಲಿ ಭತ್ತ ಹೆಚ್ಚಿ, ಅನ್ನ ನಿತ್ಯದ ಊಟವಾಯಿತಾದರೂ, ‘ಹಿಟ್ಟು’ ಎಂದೇ ಇಲ್ಲಿನವರು ಕರೆಯುವ ರಾಗಿಮುದ್ದೆಯ ಸ್ಥಾನ ಹಾಗೆಯೇ ಉಳಿದಿದೆ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಊಟದ ರುಚಿಯ ಹೊಣೆಯೆಲ್ಲ ಸಾರಿನ ಮೇಲೆ ಬೀಳುತ್ತದೆ. ಆ ಹೊಣೆಯನ್ನು ಈ ಭಾಗದ ಅಡುಗೆಮನೆಗಳು ಮಸಾಲೆಯ ಸಮೃದ್ಧಿಯಿಂದಲ್ಲ, ಕಾಳು ಸೊಪ್ಪು ಬೆಂದ ನೀರಿನಿಂದ ನಿರ್ವಹಿಸಿಕೊಂಡು ಬಂದಿವೆ.

ಬೇಳೆ, ಕಾಳು ಅಥವಾ ಸೊಪ್ಪನ್ನು ಧಾರಾಳ ನೀರಿನಲ್ಲಿ ಬೇಯಿಸಿ ಬಸಿದಾಗ ದೊರೆಯುವ ಸಾರವತ್ತಾದ ನೀರಿಗೆ ‘ಕಟ್ಟು’ ಎಂದು ಹೆಸರು. ಈ ಕಟ್ಟಿನಿಂದ ಮಾಡುವ ಅಡುಗೆಗಳಲ್ಲಿ ಮೊದಲನೆಯದು ಬಸ್ಸಾರು. ಅಲಸಂದೆ, ಹೆಸರುಕಾಳು, ತೊಗರಿಬೇಳೆ, ಹುರುಳಿ ಇವುಗಳಲ್ಲಿ ಒಂದನ್ನು ಮುಕ್ಕಾಲು ಬೇಯಿಸಿ, ಹೆಚ್ಚಿದ ಸೊಪ್ಪನ್ನೂ ಉಪ್ಪನ್ನೂ ಸೇರಿಸಿ, ಎರಡೂ ಹದವಾಗಿ ಬೆಂದಾಗ ಪಾತ್ರೆಯ ಬಾಯಿಗೆ ತಟ್ಟೆ ಅಥವಾ ಸಿಬ್ಬಲು ಹಿಡಿದು ನೀರನ್ನು ಬೇರೆ ಪಾತ್ರೆಗೆ ಬಸಿಯುತ್ತಾರೆ. ಉಳಿದ ಕಾಳುಸೊಪ್ಪು ಈರುಳ್ಳಿ, ಒಣಮೆಣಸಿನಕಾಯಿ, ಕಾಯಿತುರಿಯ ಒಗ್ಗರಣೆಯೊಂದಿಗೆ ಪಲ್ಯವಾಗುತ್ತದೆ. ಬಸಿದ ಕಟ್ಟಿಗೆ ಸುಟ್ಟ ಅಥವಾ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ತೆಂಗಿನಕಾಯಿ, ಹುಣಸೆಹಣ್ಣು ಮತ್ತು ಮನೆಯ ಸಾರಿನ ಪುಡಿಯನ್ನು ರುಬ್ಬಿ ಹಾಕುತ್ತಾರೆ. ರುಬ್ಬುವಾಗ ಬೆಂದ ಕಾಳುಸೊಪ್ಪಿನಿಂದಲೇ ಒಂದು ಹಿಡಿಯನ್ನು ತೆಗೆದು ಸೇರಿಸುವುದು ಈ ಅಡುಗೆಯ ನಿಜವಾದ ಜಾಣ್ಮೆ. ತೆಳ್ಳಗಿನ ಕಟ್ಟಿಗೆ ಮೈ ಬರುವುದೂ ಪಲ್ಯಕ್ಕೂ ಸಾರಿಗೂ ರುಚಿಯ ನಂಟು ಬೀಳುವುದೂ ಆ ಒಂದು ಹಿಡಿಯಿಂದಲೇ. ಒಂದೇ ಒಲೆಯ ಮೇಲೆ, ಒಂದೇ ಪಾತ್ರೆಯಿಂದ ಎರಡು ಪದಾರ್ಥಗಳನ್ನು ಪಡೆಯುವ ಈ ಕ್ರಮವನ್ನು ಬಡತನದ ಉಪಾಯವೆಂದಷ್ಟೇ ಬಗೆಯುವುದು ಅದಕ್ಕೆ ಮಾಡುವ ಅನ್ಯಾಯ. ಸೊಪ್ಪು ಬೇಯುವಾಗ ಬಿ ಗುಂಪಿನ ಜೀವಸತ್ವಗಳೂ ಕೆಲವು ಖನಿಜಾಂಶಗಳೂ ನೀರಿಗಿಳಿಯುತ್ತವೆ, ಆ ನೀರನ್ನು ಚೆಲ್ಲದ ಅಡುಗೆ ಸಹಜವಾಗಿಯೇ ಅವನ್ನು ಉಳಿಸಿಕೊಳ್ಳುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದನ್ನು ಇದರೊಡನೆ ಸೇರಿಸಿ ನೋಡಿದರೆ, ಹೊಲದಲ್ಲಿ ದುಡಿಯುವವರ ಈ ಊಟ ಎಷ್ಟು ವಿವೇಕದಿಂದ ಕೂಡಿದ್ದೆಂಬುದು ತಿಳಿಯುತ್ತದೆ.

ಕಟ್ಟಿಗೆ ಮಸಾಲೆಯನ್ನೇ ಬೆರೆಸದೆ, ಉಪ್ಪಿನೊಡನೆ ಹಾಗೆಯೇ ಬಡಿಸಿದರೆ ಅದು ಉಪ್ಪುಸಾರು, ಆಡುಮಾತಿನಲ್ಲಿ ‘ಉಪ್ಸಾರು’. ಇದರ ಜೀವ ಪ್ರತ್ಯೇಕವಾಗಿ ಅರೆದಿಟ್ಟ ಖಾರದಲ್ಲಿದೆ. ಹಸಿಮೆಣಸಿನಕಾಯಿ ಅಥವಾ ಒಣಮೆಣಸಿನಕಾಯಿಯನ್ನು ಕೆಂಡದಲ್ಲೋ ಬಾಣಲೆಯಲ್ಲೋ ಸುಟ್ಟು, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು ಸೇರಿಸಿ ಗಟ್ಟಿಯಾಗಿ ಅರೆದ ಈ ಖಾರವನ್ನು ಉಣ್ಣುವವರು ತಟ್ಟೆಯ ಅಂಚಿನಲ್ಲಿ ಹಾಕಿಸಿಕೊಂಡು, ತಮಗೆ ಬೇಕಾದಷ್ಟನ್ನು ಸಾರಿಗೆ ಕಲಸಿಕೊಳ್ಳುತ್ತಾರೆ. ಮಕ್ಕಳಿಗೂ ವೃದ್ಧರಿಗೂ ಬಾಣಂತಿಗೂ ಖಾರದ ತಾಳಿಕೆ ಬೇರೆಬೇರೆಯಾಗಿರುವ ಕೂಡುಕುಟುಂಬದಲ್ಲಿ, ರುಚಿಯನ್ನು ಕಡೆಯ ಗಳಿಗೆಯಲ್ಲಿ ಉಣ್ಣುವವರ ಕೈಗೇ ಬಿಟ್ಟುಕೊಡುವ ಈ ಏರ್ಪಾಡು ನಿತ್ಯದ ಅಡುಗೆಯ ಅತ್ಯಂತ ಸೂಕ್ಷ್ಮವಾದ ಆವಿಷ್ಕಾರಗಳಲ್ಲೊಂದು. ರಾಗಿಹೊಲದ ಸಾಲುಗಳ ನಡುವೆ ಬೆಳೆಯುತ್ತಿದ್ದ ಹುಚ್ಚೆಳ್ಳನ್ನು ಹುರಿದು ಕುಟ್ಟಿದ ಪುಡಿಯೂ ಇಂಥದೇ ಪೂರಕವಾಗಿದ್ದು, ಬದನೆಕಾಯಿಯ ಅಡುಗೆಗಳಲ್ಲಿ ಅದರ ಕಮ್ಮನೆಯ ಜಿಡ್ಡಿಗೆ ಬದಲಿಯೇ ಇಲ್ಲ.

ಸಾರಿನ ಸ್ವಭಾವವನ್ನು ನಿರ್ಧರಿಸುವುದು ಋತುಮಾನ. ಮಳೆ ಬಿದ್ದ ಮೇಲೆ ಹೊಲದ ಕಳೆಯ ನಡುವೆ ತಾವಾಗಿಯೇ ಹುಟ್ಟುವ ಅಣ್ಣೆ, ಕನ್ನೆ, ಗಣಿಕೆ, ಹೊನಗೊನೆ ಮೊದಲಾದ ಸೊಪ್ಪುಗಳನ್ನು ಒಟ್ಟಾಗಿ ಕಿತ್ತು ತಂದದ್ದು ಬೆರಕೆ ಸೊಪ್ಪು; ಅದನ್ನು ಬೇಳೆಯೊಂದಿಗೆ ಬೇಯಿಸಿ ಮಸೆದರೆ ಮಸ್ಸೊಪ್ಪು. ಯಾವ ಎಲೆ ಕಹಿ, ಯಾವುದು ಲೋಳೆ, ಯಾವುದನ್ನು ಎಷ್ಟು ಸೇರಿಸಬೇಕು ಎಂಬ ಅರಿವು ಬಹುಮಟ್ಟಿಗೆ ಹೆಂಗಸರದು. ಕಳೆನಾಶಕಗಳ ಬಳಕೆ ಹೆಚ್ಚಿದಲ್ಲಿ ಸೊಪ್ಪಿನೊಡನೆ ಈ ಅರಿವೂ ಮರೆಯಾಗುತ್ತಿರುವುದು ಸಣ್ಣ ನಷ್ಟವಲ್ಲ. ಚಳಿಗಾಲ ಬಂದರೆ ಅವರೆಕಾಯಿಯದೇ ಆಳ್ವಿಕೆ. ನಾಟಿ ಅವರೆಯ ಸಿಪ್ಪೆಗೆ ಅಂಟಿರುವ ಜಿಡ್ಡಿನ ಪರಿಮಳವೇ ‘ಸೊಗಡು’. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎಂಬುದು ಬೆಳೆಗಾರರ ನಂಬಿಕೆ. ಕಾಳನ್ನು ನೆನೆಸಿ, ಬೆರಳುಗಳಿಂದ ಹಿತುಕಿ ಸಿಪ್ಪೆ ಬಿಡಿಸಿದ ಹಿತಕಿದ ಬೇಳೆಯ ಸಾರು, ಅವರೆಕಾಳು ಉಪ್ಪಿಟ್ಟು, ಅವರೆಕಾಳು ಸೇರಿಸಿ ತಟ್ಟಿದ ಅಕ್ಕಿರೊಟ್ಟಿ, ಎಣ್ಣೆಯಲ್ಲಿ ಕರಿದು ಉಪ್ಪುಖಾರ ಬೆರೆಸಿದ ಬೇಳೆ ಹೀಗೆ ಊಟವೂ ತಿಂಡಿಯೂ ಕುರುಕಲೂ ಒಂದೇ ಕಾಳಿನಿಂದ ಒದಗುತ್ತವೆ. ಬೇಸಗೆಯ ಬಿಸಿಲು ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿಗಳಿಗೂ, ವರ್ಷಕ್ಕಾಗುವಷ್ಟು ಸಾರಿನ ಪುಡಿಯ ಸಾಮಾನುಗಳನ್ನು ಒಣಗಿಸುವುದಕ್ಕೂ ಮೀಸಲು.

ಹುರುಳಿಕಟ್ಟಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಉಳುವ ಎತ್ತುಗಳಿಗೆಂದು ಹುರುಳಿಯನ್ನು ಬೇಯಿಸಿ, ಕಾಳನ್ನು ಕೊಟ್ಟಿಗೆಗೆ ಒಯ್ದು, ಕಟ್ಟನ್ನು ಒಲೆಯ ಮೇಲೆ ಉಳಿಸಿಕೊಳ್ಳುವುದು ಬೇಸಾಯದ ಮನೆಗಳ ರೂಢಿಯಾಗಿತ್ತು. ಹೀಗೆ ದುಡಿಯುವ ದನವೂ ಮನುಷ್ಯನೂ ಒಂದೇ ಗಡಿಗೆಯನ್ನು ಹಂಚಿಕೊಂಡಿದ್ದರು. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದ ಮೇಲೆ ಹುರುಳಿ ಬೇಯುವುದು ಮನುಷ್ಯರಿಗಾಗಿ ಮಾತ್ರ.

ಹಬ್ಬದ ಅಡುಗೆಯೂ ಈ ತತ್ತ್ವದಿಂದ ಹೊರಗಿಲ್ಲ. ಯುಗಾದಿಯ ಒಬ್ಬಟ್ಟಿಗೆ ಬೇಯಿಸಿದ ಬೇಳೆಯನ್ನು ಬಸಿದ ಕಟ್ಟಿನಿಂದ ಒಬ್ಬಟ್ಟಿನ ಸಾರು ಆಗುತ್ತದೆ. ಬೆಲ್ಲ ಬೆರೆತ ಹೂರಣವನ್ನು ಸ್ವಲ್ಪ ಅದರಲ್ಲಿ ಕದಡುವುದರಿಂದ ಹುಳಿ, ಖಾರ, ಸಿಹಿ ಮೂರೂ ಒಂದು ಸೌಟಿನಲ್ಲಿ ಸೇರುತ್ತವೆ. ಹಾಸನ ತಾಲ್ಲೂಕಿನ ಕೌಶಿಕ, ಸಂಗೀತಗಾರರ ಊರೆಂದು ಪ್ರಸಿದ್ಧವಾದ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಮುಂತಾದೆಡೆ ನೆಲೆಸಿರುವ ಸಂಕೇತಿ ಮನೆತನಗಳಲ್ಲಿ ಅನ್ನ, ಹುಳಿಗಳದೇ ಪ್ರಾಧಾನ್ಯವಾದರೂ, ತೊಗರಿಕಟ್ಟಿನ ತಿಳಿಸಾರು ಅವರಿಗೂ ಅನ್ಯವಲ್ಲ.

ಪ್ರೆಷರ್ ಕುಕ್ಕರ್ ಈ ಕಲೆಗೆ ಒಡ್ಡಿರುವ ತೊಡಕು ಮೇಲುನೋಟಕ್ಕೆ ಕಾಣುವಂಥದಲ್ಲ. ಅಳತೆಯ ನೀರಿನಲ್ಲಿ ಕಾಳು ಕರಗುವಷ್ಟು ಬೆಂದರೆ ಬಸಿಯಲು ಕಟ್ಟೂ ಉಳಿಯುವುದಿಲ್ಲ, ಪಲ್ಯಕ್ಕೆ ಬಿಡಿಬಿಡಿಯಾದ ಕಾಳೂ ಸಿಗುವುದಿಲ್ಲ. ಆದಕಾರಣ ಬಲ್ಲವರು ಕಾಳಿಗೆ ಒಂದೇ ಕೂಗು ಹಾಕಿಸಿ ಇಳಿಸಿ, ಸೊಪ್ಪನ್ನು ತೆರೆದ ಪಾತ್ರೆಯಲ್ಲಿ ಬೇಯಿಸುವ ಮಧ್ಯಮಾರ್ಗವನ್ನು ಕಂಡುಕೊಂಡಿದ್ದಾರೆ. ಹೀಗೆ ಮಾಡಿದ ಬಸ್ಸಾರು ರಾತ್ರಿ ಮುದ್ದೆಗಾಗಿ ಮಿಕ್ಕಿದರೆ, ಬೆಳಿಗ್ಗೆ ಮತ್ತೆ ಕುದಿಸಿ ಗಟ್ಟಿಯಾಗಿಸಿದ ಮೇಲೆ ಅಕ್ಕಿರೊಟ್ಟಿಗೆ ಮೊದಲ ದಿನಕ್ಕಿಂತಲೂ ಚೆನ್ನಾಗಿ ಹೊಂದುತ್ತದೆ.