ಡಬ್ಬಿಯ ಮೇಲಿನ ಅಂಕಿ, ಯಂತ್ರದೊಳಗಿನ ಎಣ್ಣೆ

ವಿಜಯಪುರ ಜಿಲ್ಲೆಯ ಒಣದ್ರಾಕ್ಷಿಯನ್ನು ಬಣ್ಣಗೆಡದಂತೆ ತಿಂಗಳುಗಟ್ಟಲೆ ಕಾಪಾಡುವ ಕೋಲ್ಡ್ ಸ್ಟೋರೇಜ್‌ಗಳು ನಡೆಯುವುದು ಕಂಪ್ರೆಸರ್‌ಗಳ ಬಲದಿಂದ. ಆ ಕಂಪ್ರೆಸರ್‌ಗಳ ಬಾಳಿಕೆಯಾದರೋ ಬೇರಿಂಗುಗಳ ನಡುವೆ ಹರಡಿರುವ ಕೀಲೆಣ್ಣೆಯ ತೆಳುಪೊರೆಯನ್ನು ಅವಲಂಬಿಸಿದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಮನಗೂಳಿ, ಇಂಡಿ, ಸಿಂದಗಿಯ ಸೀಮೆಯಲ್ಲಿ ಈ ಪೊರೆಯ ಅಧ್ಯಯನಕ್ಕೆ ವಿಶೇಷ ಮಹತ್ವವಿದೆ.

ಹರಿಯುವ ದ್ರವದ ಪದರಗಳು ಒಂದಕ್ಕೊಂದು ಒಡ್ಡುವ ತಡೆಗೆ ಸ್ನಿಗ್ಧತೆ ಎಂದು ಹೆಸರು. ಎಣ್ಣೆಯ ಡಬ್ಬಿಯ ಮೇಲೆ 68 ಎಂದಿದ್ದರೆ 40 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಸುಮಾರು 68 ಸೆಂಟಿಸ್ಟೋಕ್ಸ್ ಎಂದರ್ಥ. 20 ಡಿಗ್ರಿಯ ನೀರಿನದು ಸುಮಾರು 1. ಆದರೆ ಈ ಅಂಕಿ ಶುದ್ಧ ಎಣ್ಣೆಗೆ ಸೇರಿದ್ದು. ಮೆಕ್ಯಾನಿಕ್‌ಗಳು ‘ಗ್ಯಾಸ್’ ಎಂದು ಕರೆಯುವ ಶೈತ್ಯಕಾರಕವು ಯಂತ್ರದೊಳಗೆ ಎಣ್ಣೆಯಲ್ಲಿ ಕರಗಿ ಸ್ನಿಗ್ಧತೆಯನ್ನು ಹಲವು ಪಟ್ಟು ತಗ್ಗಿಸಬಲ್ಲದು. ಶೈತ್ಯಕಾರಕಗಳ ಪೈಕಿ ಅಮೋನಿಯ ಖನಿಜ ತೈಲದಲ್ಲಿ ಅಷ್ಟಾಗಿ ಕರಗದು. ಎಣ್ಣೆ ತಳಕ್ಕಿಳಿಯುತ್ತದೆ, ಅದನ್ನು ಆಗಾಗ ಹೊರತೆಗೆಯಬೇಕಾಗುತ್ತದೆ. ಆರ್-134ಎ ಅನಿಲವು ಪಾಲಿಯೋಲ್ ಎಸ್ಟರ್ ಎಣ್ಣೆಯಲ್ಲಿ ಚೆನ್ನಾಗಿ ಬೆರೆಯುವುದರಿಂದ ಎಣ್ಣೆ ಕಂಪ್ರೆಸರ್‌ಗೆ ಸಲೀಸಾಗಿ ಮರಳುತ್ತದೆಯಾದರೂ ಅದೇ ಬೆರಕೆಯಿಂದ ಪೊರೆ ತೆಳುವಾಗುತ್ತದೆ.

ಇಂಥ ಮಿಶ್ರಣವನ್ನು ತೆರೆದ ಗಾಜಿನ ನಳಿಕೆಯಲ್ಲಿ ಅಳೆಯಲಾಗದು, ಏಕೆಂದರೆ ಒತ್ತಡ ಇಳಿದ ಕೂಡಲೇ ಅನಿಲ ನೊರೆಯಾಗಿ ಹೊರಬೀಳುತ್ತದೆ. ಆದ್ದರಿಂದ ಉಕ್ಕಿನ ಮುಚ್ಚಿದ ಕೋಶದಿಂದ ಗಾಳಿಯನ್ನೂ ತೇವವನ್ನೂ ತೆಗೆದು, ತೂಗಿದ ಎಣ್ಣೆಗೆ ತೂಗಿದ ಅನಿಲವನ್ನು ಸೇರಿಸಿ, ಉಷ್ಣತೆ ಮತ್ತು ಒತ್ತಡ ಎರಡೂ ಸ್ಥಿರವಾಗುವವರೆಗೆ ಕಲಕಿ, ಆಮೇಲೆ ಅದರೊಳಗೆ ಗುಂಡೊಂದು ಬೀಳಲು ಹಿಡಿಯುವ ಕಾಲವನ್ನೋ ತಂತಿಯೊಂದರ ಕಂಪನ ಅಡಗುವ ವೇಗವನ್ನೋ ಅಳೆಯುತ್ತಾರೆ. ಪ್ರತಿ ಅನುಪಾತಕ್ಕೂ ಈ ಕೆಲಸವನ್ನು ಮತ್ತೆ ಮಾಡಬೇಕು.

ಅಳತೆಗಳ ನಡುವಿನ ತೆರವನ್ನು ಗಣಿತದ ಮಾದರಿ ತುಂಬುತ್ತದೆ. ಉಷ್ಣತೆ ಏರಿದಂತೆ ದ್ರವದ ಸ್ನಿಗ್ಧತೆ ಇಳಿಯುವ ಬಗೆಗೆ ಸಿ.ವಿ. ರಾಮನ್ 1923ರಲ್ಲೇ, ಬೆಂಗಳೂರಿಗೆ ಬರುವ ಹತ್ತು ವರ್ಷ ಮೊದಲು, ‘ನೇಚರ್’ ಪತ್ರಿಕೆಯಲ್ಲಿ ಸಿದ್ಧಾಂತವೊಂದನ್ನು ಮಂಡಿಸಿದ್ದರು. ಮಿಶ್ರಣಗಳಿಗಾಗಿ 1949ರಲ್ಲಿ ಗ್ರುನ್‌ಬರ್ಗ್ ಮತ್ತು ನಿಸ್ಸಾನ್ ಕೊಟ್ಟ ಸೂತ್ರವು ಘಟಕಗಳ ಸ್ನಿಗ್ಧತೆಯ ಲಾಗರಿದಮ್ಮುಗಳನ್ನು ಅವುಗಳ ಪಾಲಿಗೆ ತಕ್ಕಂತೆ ಕೂಡಿಸಿ, ಪರಸ್ಪರ ಪ್ರಭಾವಕ್ಕೆಂದು ಒಂದು ತಿದ್ದುಪಡಿಯನ್ನು ಸೇರಿಸುತ್ತದೆ. ಆ ತಿದ್ದುಪಡಿಯ ಬೆಲೆ ಪ್ರಯೋಗದಿಂದಲೇ ಸಿಗಬೇಕು. 1987ರ ಮಾಂಟ್ರಿಯಲ್ ಒಪ್ಪಂದ ಮತ್ತು 2016ರ ಕಿಗಾಲಿ ತಿದ್ದುಪಡಿಯಿಂದಾಗಿ ಹಳೆಯ ಅನಿಲಗಳು ಬಳಕೆಯಿಂದ ಸರಿಯುತ್ತಿರುವುದರಿಂದ, ಅನಿಲ-ಎಣ್ಣೆಗಳ ಪ್ರತಿ ಹೊಸ ಜೋಡಿಗೂ ಪ್ರಯೋಗ ಹೊಸದಾಗಿಯೇ ಆರಂಭವಾಗುತ್ತದೆ.

ಈ ಫಲಿತಾಂಶಗಳನ್ನೆಲ್ಲ ಒಂದೇ ಹಾಳೆಯಲ್ಲಿ ಕಾಣಿಸುವ ಡೇನಿಯಲ್ ನಕ್ಷೆಯಲ್ಲಿ ಬೆರಗು ಹುಟ್ಟಿಸುವ ಸಂಗತಿಯೊಂದಿದೆ. ಒತ್ತಡ ಬದಲಾಗದಿದ್ದರೆ, ತಂಪಾದ ಮಿಶ್ರಣವನ್ನು ಬಿಸಿ ಮಾಡಿದಾಗ ಅನಿಲ ಹೊರಹೋಗಿ ಸ್ನಿಗ್ಧತೆ ಮೊದಲು ಏರುತ್ತದೆ, ಒಂದು ಮಿತಿ ದಾಟಿದ ಮೇಲಷ್ಟೇ ಇಳಿಯುತ್ತದೆ. ಕಂಪ್ರೆಸರ್‌ನ ತಳದಲ್ಲಿ ಹೀಟರ್ ಇಡುವುದು ಇದೇ ಕಾರಣಕ್ಕೆ. ಕರೆಂಟ್ ಬಹಳ ಹೊತ್ತು ಹೋದಾಗ ಹೀಟರ್ ಕೂಡ ಆರಿ ಎಣ್ಣೆ ಅನಿಲವನ್ನು ಹೀರಿಕೊಂಡಿರುತ್ತದೆ. ಆಗ ಯಂತ್ರವನ್ನು ಥಟ್ಟನೆ ಚಾಲೂ ಮಾಡಿದರೆ ಎಣ್ಣೆ ನೊರೆಯೆದ್ದು ಬೇರಿಂಗ್ ಸವೆಯುತ್ತದೆ. ಕೋಲ್ಡ್ ಸ್ಟೋರೇಜ್ ಮಾಲೀಕರು ಡಬ್ಬಿಯ ಅಂಕಿಯೊಂದನ್ನೇ ನೋಡಿ ಎಣ್ಣೆ ಕೊಳ್ಳದೆ ಕಂಪ್ರೆಸರ್ ತಯಾರಕರಿಂದ ತಮ್ಮ ಅನಿಲ-ಎಣ್ಣೆ ಜೋಡಿಯ ನಕ್ಷೆಯನ್ನು ಕೇಳಿ ಪಡೆಯಬೇಕು, ಕರೆಂಟ್ ಬಂದ ಮೇಲೆ ತಯಾರಕರು ಹೇಳಿದಷ್ಟು ಹೊತ್ತು ಹೀಟರ್ ಉರಿಸಿಯೇ ಯಂತ್ರವನ್ನು ಚಾಲೂ ಮಾಡಬೇಕು.