ಕಬ್ಬಿಣವನ್ನು ಹಬೆಯಾಗಿಸಿ ಹೊರಗಟ್ಟುವ ವಿದ್ಯೆ

ನನ್ನ ಮೇಜಿನ ಮೇಲೆ ನಿಂಬೆಹಣ್ಣಿನ ಗಾತ್ರದ ಕಪ್ಪು ಕಲ್ಲೊಂದಿದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಕಡೆಯದು. ಅಲ್ಲಿನ ಬೈರಾಪುರ, ತಗಡೂರುಗಳ ನೆಲದಡಿ ಇದೇ ಕಲ್ಲಿದೆ. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಬಿಳಿ ಪಿಂಗಾಣಿಯ ಹೊಳಪಿಲ್ಲದ ಮೈಗೆ ಉಜ್ಜಿದರೆ ಕಂದು ಗೆರೆ ಮೂಡುತ್ತದೆ. ಮ್ಯಾಗ್ನೆಟೈಟ್ ಆಗಿದ್ದರೆ ಗೆರೆಯೂ ಕಪ್ಪಾಗಿರುತ್ತಿತ್ತು. ಇದು ಕ್ರೋಮೈಟ್. ನಾವು ಕಾಫಿ ಕುಡಿಯುವ ಸ್ಟೀಲ್ ಲೋಟ ತುಕ್ಕು ಹಿಡಿಯದಂತೆ ಕಾಯುವ ಕ್ರೋಮಿಯಂ ಲೋಹಕ್ಕೆ ಇದೇ ತವರು.

ಸ್ಟೀಲ್ ಮಾಡುವವರು ಕ್ರೋಮಿಯಂ ಅನ್ನು ಶುದ್ಧ ರೂಪದಲ್ಲಿ ಕೊಳ್ಳುವುದು ಅಪರೂಪ. ಅದಿರನ್ನು ಇದ್ದಿಲಿನ ಜೊತೆ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ತೆಗೆದ ಫೆರೋಕ್ರೋಮ್ ಎಂಬ ಮಿಶ್ರಲೋಹವನ್ನು ಬಳಸುತ್ತಾರೆ. ಅದಿರಿನಲ್ಲಿರುವ ಕ್ರೋಮಿಯಂ, ಕಬ್ಬಿಣ ಎರಡೂ ಕರಗಿ ಅದರೊಳಗೆ ಸೇರುತ್ತವೆ. ಅದಿರಿನಲ್ಲಿ ಕಬ್ಬಿಣದ ಮೂರು ಪಟ್ಟು ಕ್ರೋಮಿಯಂ ಇದ್ದರೆ, ಇಂಗಾಲದ ಪಾಲು ಕಳೆದು, ನೂರಕ್ಕೆ ಸುಮಾರು 68 ಭಾಗ ಕ್ರೋಮಿಯಂ ಇರುವ ಫೆರೋಕ್ರೋಮ್ ಸಿಗುತ್ತದೆ. ಒಂದೂವರೆ ಪಟ್ಟು ಮಾತ್ರ ಇದ್ದರೆ 55ರ ಹತ್ತಿರ ನಿಲ್ಲುತ್ತದೆ. ಹಾಗಾಗಿ ಗಣಿಯವರ ಬಾಯಲ್ಲಿ ಸದಾ ಇರುವ ಮಾತು ಈ ಅನುಪಾತದ್ದು.

ಹಾಗಿದ್ದರೆ ಕಬ್ಬಿಣವನ್ನು ಮೊದಲೇ ತೆಗೆದುಬಿಡಬಾರದೇಕೆ? ತೊಡಕಿರುವುದು ಇಲ್ಲೇ. ಅದಿರನ್ನು ಪುಡಿಮಾಡಿ ನೀರಿನಲ್ಲಿ ಜಾಲಿಸಿದರೆ ಹಗುರವಾದ ಕಲ್ಲುಪುಡಿ ಕೊಚ್ಚಿಹೋಗಿ ಭಾರದ ಕ್ರೋಮೈಟ್ ತಳದಲ್ಲಿ ಉಳಿಯುತ್ತದೆ. ಹಾಗೆ ಹಸನು ಮಾಡಿದ ಸಾಂದ್ರ ಅದಿರಿನಲ್ಲೂ ಕಬ್ಬಿಣ ಇದ್ದೇ ಇರುತ್ತದೆ. ಅಕ್ಕಿಯಲ್ಲಿ ಸೇರಿದ ಕಲ್ಲನ್ನು ಮೊರದಲ್ಲಿ ಕೇರಿ ಆರಿಸಬಹುದು. ಪಾಯಸಕ್ಕೆ ಹಾಕಿದ ಬೆಲ್ಲವನ್ನು ಆರಿಸುವುದು ಹೇಗೆ? ಕ್ರೋಮೈಟಿನ ಹರಳಿನಲ್ಲಿ ಆಮ್ಲಜನಕದ ಪರಮಾಣುಗಳು ಒತ್ತೊತ್ತಾಗಿ ಕೂತಿವೆ, ಅವುಗಳ ನಡುವಿನ ಸಂದುಗಳಲ್ಲಿ ಕ್ರೋಮಿಯಂ, ಕಬ್ಬಿಣ, ಮೆಗ್ನೀಸಿಯಂ, ಅಲ್ಯೂಮಿನಿಯಂ ಪರಮಾಣುಗಳು ಜಾಗ ಹಂಚಿಕೊಂಡಿವೆ. ಕಬ್ಬಿಣ ಇಲ್ಲಿ ಹೊರಗಿನಿಂದ ಬಂದು ಅಂಟಿದ ಕಶ್ಮಲವಲ್ಲ, ಹರಳಿನ ಮೈಯ ಭಾಗವೇ. ಪುಸ್ತಕದಲ್ಲಿ ಬರೆಯುವ ಅಪ್ಪಟ ಕ್ರೋಮೈಟನ್ನೇ ತೆಗೆದುಕೊಂಡರೂ ಅನುಪಾತ 1.86 ದಾಟುವುದಿಲ್ಲ. ಪ್ರಕೃತಿಯಲ್ಲಿ ಅದಕ್ಕಿಂತ ಮೇಲಿನ ಅದಿರು ಸಿಕ್ಕರೆ ಅದು ಕಬ್ಬಿಣದ ಜಾಗದಲ್ಲಿ ಮೆಗ್ನೀಸಿಯಂ ಬಂದು ಕೂತದ್ದರ ಫಲ. ಎಷ್ಟು ನುಣ್ಣಗೆ ಅರೆದರೂ ಎಂಥ ಅಯಸ್ಕಾಂತ ಹಿಡಿದರೂ ಪರಮಾಣುಗಳನ್ನು ಬೇರೆ ಮಾಡಲಾಗದು.

ಈ ಕಷ್ಟ ಅಮೆರಿಕದವರಿಗೆ ಚೆನ್ನಾಗಿ ಗೊತ್ತಾದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಕ್ರೋಮೈಟಿಗಾಗಿ ಅವರು ಸಮುದ್ರದಾಚೆಯ ದೇಶಗಳನ್ನು ನೆಚ್ಚಿಕೊಂಡಿದ್ದರು, ಯುದ್ಧ ಬಂದೊಡನೆ ಹಡಗಿನ ದಾರಿಗಳೇ ಅಪಾಯಕ್ಕೆ ಸಿಕ್ಕವು. ಮೊಂಟಾನಾ ರಾಜ್ಯದ ಸ್ಟಿಲ್‌ವಾಟರ್ ಪ್ರದೇಶದಲ್ಲಿ ಸುಮಾರು 270 ಕೋಟಿ ವರ್ಷ ಹಳೆಯ ಶಿಲೆಯೊಳಗೆ ಕ್ರೋಮೈಟ್ ಪದರಗಳು ಬೇಕಾದಷ್ಟಿದ್ದವು. ಆದರೆ ಅವುಗಳ ಅನುಪಾತ ಒಂದೂವರೆಯ ಆಸುಪಾಸು. ಮುಂದೆ 1953ರಿಂದ 1961ರವರೆಗೆ ಅಲ್ಲಿ ಸುಮಾರು 9 ಲಕ್ಷ ಟನ್ ಸಾಂದ್ರ ಅದಿರು ತಯಾರಾಯಿತು. ಕೊಳ್ಳುವವರಿಗೆ ಅದರ ಮೇಲೆ ಮನಸ್ಸಿರಲಿಲ್ಲ. ಸರ್ಕಾರದ ದಾಸ್ತಾನಾಗಿ ರಾಶಿ ಬಿತ್ತು. ಅಮೆರಿಕದ ಗಣಿ ಇಲಾಖೆಯ ಪ್ರಯೋಗಾಲಯಗಳು ಕ್ಲೋರಿನ್ ಕಡೆ ತಿರುಗಿದ್ದು ಇಂಥ ಅದಿರಿಗಾಗಿಯೇ.

ಉಪಾಯ ಸೊಗಸಾಗಿದೆ. ಕಬ್ಬಿಣ 2,800 ಡಿಗ್ರಿ ಸೆಲ್ಸಿಯಸ್ ದಾಟದೆ ಕುದಿಯುವುದಿಲ್ಲ. ಅದಕ್ಕೆ ಕ್ಲೋರಿನ್ ಕೂಡಿಸಿ ಫೆರಿಕ್ ಕ್ಲೋರೈಡ್ ಮಾಡಿದರೆ ಸುಮಾರು 315 ಡಿಗ್ರಿಗೇ ಹಬೆಯಾಗಿ ಹಾರಿಹೋಗುತ್ತದೆ. ಎಲೆಕ್ಟ್ರಾನಿಕ್ಸ್ ಓದಿದವರು ಸರ್ಕ್ಯೂಟ್ ಬೋರ್ಡಿನ ತಾಮ್ರ ತಿನ್ನಿಸಲು ಬಳಸುವ, ಬೆರಳಿಗೆ ತಗುಲಿದರೆ ದಿನಗಟ್ಟಲೆ ಹೋಗದ ಹಳದಿ ಕಲೆ ಬಿಡುವ ದ್ರಾವಣ ನೆನಪಿದೆಯೇ? ಅದೇ ಇದು. ಕ್ರೋಮಿಯಂನ ಕ್ಲೋರೈಡ್ ಮೇಲೇಳಬೇಕಾದರೆ 900 ಡಿಗ್ರಿ ಮೀರಿದ ಕಾವು ಬೇಕು. ಸಾಲದ್ದಕ್ಕೆ ಕ್ರೋಮಿಯಂ ತನ್ನ ಆಮ್ಲಜನಕವನ್ನು ಕಬ್ಬಿಣದಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕಾವನ್ನೂ ಕ್ಲೋರಿನ್ನನ್ನೂ ಅಳತೆಯಲ್ಲಿಟ್ಟರೆ ಕಬ್ಬಿಣ ಮೊದಲು ಹೊರಡುತ್ತದೆ, ಕ್ರೋಮಿಯಂ ಬಹುಪಾಲು ಕೂತಲ್ಲೇ ಉಳಿಯುತ್ತದೆ.

ಇದಕ್ಕೆ ಇದ್ದಿಲಿನ ಪುಡಿಯೋ ಕಾರ್ಬನ್ ಮೊನಾಕ್ಸೈಡ್ ಅನಿಲವೋ ಜೊತೆಗಿರಬೇಕು. ಕ್ಲೋರಿನ್ ಕಬ್ಬಿಣವನ್ನು ಹಿಡಿದೆಳೆಯುವಾಗ ಬಿಡುಗಡೆಯಾಗುವ ಆಮ್ಲಜನಕವನ್ನು ಇಂಗಾಲ ಹಿಡಿದುಕೊಳ್ಳುತ್ತದೆ. ಇಲ್ಲದಿದ್ದರೆ ಕೆಲಸ ಕುಂಟುತ್ತದೆ. ಇನ್ನೊಂದು ಲಾಭವೂ ಉಂಟು. ಕ್ಲೋರಿನ್ ಜೊತೆ ಆಮ್ಲಜನಕ ಸುಳಿದಾಡಿದರೆ ಕ್ರೋಮಿಯಂ ಕೂಡ ಕ್ರೋಮೈಲ್ ಕ್ಲೋರೈಡ್ ಆಗಿ ಕೈತಪ್ಪಬಹುದು. 117 ಡಿಗ್ರಿಗೇ ಕುದಿಯುವ ಕಡುಗೆಂಪು ವಿಷದ್ರವ ಅದು. ಮೆಗ್ನೀಸಿಯಂದು ಬೇರೆ ತಂಟೆ: ಅದರ ಕ್ಲೋರೈಡ್ 714 ಡಿಗ್ರಿಗೆ ಕರಗಿ ಅಂಟಾಗುತ್ತದೆ, ಹಾರಿಹೋಗುವುದಿಲ್ಲ. ಅನಿಲ ಸುಳಿಯಬೇಕಾದ ಅದಿರಿನ ಪುಡಿ ಪಾಕ ಕೆಟ್ಟ ಮೈಸೂರುಪಾಕಿನಂತೆ ಗಟ್ಟಿ ಕಟ್ಟಿಕೊಂಡರೆ ಕುಲುಮೆ ನಿಂತಿತೆಂದೇ ಲೆಕ್ಕ.

ಖರ್ಚಿನ ಲೆಕ್ಕವನ್ನೂ ಹಾಕಿ ನೋಡೋಣ. ಒಂದು ಟನ್ ಸ್ಟಿಲ್‌ವಾಟರ್ ಸಾಂದ್ರ ಅದಿರಿನಲ್ಲಿ 263 ಕೆ.ಜಿ. ಕ್ರೋಮಿಯಂ, 175 ಕೆ.ಜಿ. ಕಬ್ಬಿಣ ಇದೆ ಎಂದಿಟ್ಟುಕೊಳ್ಳಿ. ಅನುಪಾತ ಮೂರಕ್ಕೆ ಏರಬೇಕಾದರೆ ಸುಮಾರು 87 ಕೆ.ಜಿ. ಕಬ್ಬಿಣ ಹೋಗಬೇಕು. ಒಂದು ಕೆ.ಜಿ. ಕಬ್ಬಿಣ 1.9 ಕೆ.ಜಿ. ಕ್ಲೋರಿನ್ ನುಂಗುತ್ತದೆ. ಅಲ್ಲಿಗೆ ಟನ್ನಿಗೆ 165 ಕೆ.ಜಿ. ಕ್ಲೋರಿನ್! ಫೆರಿಕ್ ಕ್ಲೋರೈಡನ್ನು ಆಮ್ಲಜನಕದಲ್ಲಿ ಉರಿಸಿ ಕ್ಲೋರಿನ್ ವಾಪಸ್ ಪಡೆಯಬಹುದು, ನಿಜ. ಆದರೆ ಬಿಸಿ ಕ್ಲೋರಿನ್ ಕೊಳವೆ, ಕವಾಟ, ಕುಲುಮೆಯ ಗೋಡೆ ಯಾವುದನ್ನೂ ಬಿಡದೆ ತಿನ್ನುತ್ತದೆ. ಟನ್‌ಗಟ್ಟಲೆ ಮಾರಿ ಬದುಕುವ ಅದಿರಿಗೆ ಅಷ್ಟು ನಾಜೂಕಿನ ಉಪಚಾರ ಗಿಟ್ಟುವುದು ಕಷ್ಟ.

ಕೊನೆಗೆ ದಾರಿ ತಿರುಗಿಸಿದ್ದು ಉಕ್ಕಿನ ಕಾರ್ಖಾನೆಗಳೇ. 1968ರಲ್ಲಿ, ಕರಗಿದ ಉಕ್ಕಿನೊಳಗೆ ಆರ್ಗಾನ್ ಮತ್ತು ಆಮ್ಲಜನಕ ಊದಿ ಇಂಗಾಲ ಕಳೆಯುವ ವಿಧಾನ ವಾಣಿಜ್ಯ ಬಳಕೆಗೆ ಬಂತು. ಅಲ್ಲಿಂದ ಮುಂದೆ ಇಂಗಾಲ ಹೆಚ್ಚಿರುವ, ಕ್ರೋಮಿಯಂ 50-55ರಷ್ಟೇ ಇರುವ ಅಗ್ಗದ ಫೆರೋಕ್ರೋಮ್ ಕೂಡ ಸ್ಟೇನ್‌ಲೆಸ್ ಸ್ಟೀಲಿಗೆ ನಡೆಯಿತು. ಹೆಚ್ಚು ಕಬ್ಬಿಣದ ದಕ್ಷಿಣ ಆಫ್ರಿಕಾದ ಅದಿರಿಗೂ ಬೇಡಿಕೆ ಬಂತು. ಕ್ಲೋರಿನ್ ವಿದ್ಯೆ ಸೋತಿತು ಎನ್ನಲು ನನಗೆ ಮನಸ್ಸಿಲ್ಲ. ರಸಾಯನಶಾಸ್ತ್ರ ಹೇಳಿದ್ದು ಸರಿಯಾಗಿಯೇ ಇತ್ತು, ಸಂತೆಯ ಬೆಲೆ ಬದಲಾಗಿತ್ತು.

ಇದರ ಸೋದರ ವಿದ್ಯೆ ನಮ್ಮ ನೆರೆಯ ಕೇರಳದ ಚವರದಲ್ಲಿ ದಿನವೂ ನಡೆಯುತ್ತಿದೆ. ಅಲ್ಲಿನ ಕಡಲತೀರದ ಕಪ್ಪು ಮರಳಿನ ಇಲ್ಮನೈಟಿನಿಂದ ಕಬ್ಬಿಣವನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಉಳಿದದ್ದಕ್ಕೆ ಕೋಕ್ ಬೆರೆಸಿ ಕ್ಲೋರಿನ್ ಹಾಯಿಸುತ್ತಾರೆ. ಅಲ್ಲಿ ಹಬೆಯಾಗಿ ಮೇಲೇಳುವುದು ಬೇಡದ ಕಬ್ಬಿಣವಲ್ಲ, ಬೇಕಾದ ಟೈಟಾನಿಯಂ. ಅದನ್ನು ಆಮ್ಲಜನಕದಲ್ಲಿ ಉರಿಸಿದಾಗ ಗೋಡೆಗೆ ಬಳಿಯುವ ಬಣ್ಣದ ಬಿಳಿಪುಡಿ ಉದುರುತ್ತದೆ, ಕ್ಲೋರಿನ್ ಮತ್ತೆ ಕುಲುಮೆಗೆ ಮರಳುತ್ತದೆ.