ಸ್ಮಾರ್ಟ್ ವಾಚ್ ಸದಾ ಕೈಯಲ್ಲೇ ಇರಬೇಕೆ?

ನಮ್ಮ ಹುಣಸೂರು ಸೀಮೆಯಲ್ಲಿ ತಂಬಾಕು ಬ್ಯಾರನ್‌ಗಳಿಗೆ ಬೆಂಕಿ ಹಾಕುವ ದಿನಗಳು. ರಾತ್ರಿ ಎರಡು ಗಂಟೆಗೆ ನನ್ನ ಫೋನು ಹೊಡೆದುಕೊಂಡಿತು. ಪರಿಚಯದ ಮನೆಯ ಕಿರಿಯ ಮಗ.

“ಹಕೀಂ ಸಾಬ್, ಅಬ್ಬಾ ಅವರ ಹಾರ್ಟು ನಲವತ್ತೆಂಟಕ್ಕೆ ಇಳಿದಿದೆಯಂತೆ. ಭಾಯಿ ದಮ್ಮಾಮಿಂದ ಫೋನ್ ಮಾಡಿದ್ರು. ಏನು ಮಾಡೋದು?”

“ಅಬ್ಬಾ ಈಗ ಏನು ಮಾಡ್ತಿದ್ದಾರೆ?”

“ಮಲಗಿದ್ರು. ನಾವೇ ಎಬ್ಬಿಸಿದ್ವಿ. ಯಾಕೆ ಎಬ್ಬಿಸಿದ್ರಿ ಅಂತ ಬೈತಿದ್ದಾರೆ.”

ದೊಡ್ಡ ಮಗ ಸೌದಿಯಿಂದ ತಂದೆಗೆ ಪ್ರೀತಿಯಿಂದ ಒಂದು ಸ್ಮಾರ್ಟ್ ವಾಚ್ ಕಳಿಸಿದ್ದ. ಅದು ಎಣಿಸುವ ನಾಡಿಬಡಿತ ಮಗನ ಫೋನಿಗೂ ಹೋಗುವಂತೆ ಮಾಡಿಟ್ಟಿದ್ದ. ತಂದೆ ಗಾಢ ನಿದ್ದೆಯಲ್ಲಿದ್ದಾಗ ಬಡಿತ 50ಕ್ಕಿಂತ ಕೆಳಗಿಳಿಯಿತು, ಫೋನು ಕೂಗಿತು. ಬೈಯುವಷ್ಟು ಚೆನ್ನಾಗಿದ್ದಾರೆಂದರೆ ಮಲಗಲು ಬಿಡಿ, ಬೆಳಗ್ಗೆ ನೋಡುತ್ತೇನೆ ಎಂದೆ. ಆದರೆ ಅಷ್ಟರಲ್ಲಿ ಕಾರು ಬಾಗಿಲಿಗೆ ಬಂದಿತ್ತು. ಮೈಸೂರಿಗೆ ಹೋದರು, ಇಸಿಜಿ ತೆಗೆಸಿದರು, ಏನೂ ಇಲ್ಲವೆಂದು ಫಜ್ರ್ ಹೊತ್ತಿಗೆ ವಾಪಸಾದರು. ಖರ್ಚಾದ ಹಣ ಹಾಗಿರಲಿ. ಅದುವರೆಗೆ ಎದೆಯ ಬಗ್ಗೆ ಯೋಚನೆಯನ್ನೇ ಮಾಡದಿದ್ದ ಆ ಹಿರಿಯರು ಅಂದಿನಿಂದ ಗಂಟೆಗೊಮ್ಮೆ ಮಣಿಕಟ್ಟು ನೋಡಿಕೊಳ್ಳತೊಡಗಿದರು. ಎರಡು ವಾರದ ನಂತರ ನನ್ನ ಬಳಿ ಬಂದಾಗ ಅವರಿಗೆ ನಿಜವಾಗಿಯೂ ಒಂದು ಕಾಯಿಲೆ ಇತ್ತು: ನಿದ್ದೆ ಬರುತ್ತಿರಲಿಲ್ಲ.

ನಿದ್ದೆಯಲ್ಲಿ ನಾಡಿ ನಿಧಾನವಾಗುವುದು ಸಹಜ. ದುಡಿದ ಮೈಯವರಲ್ಲಿ, ದಿನಾ ನಡೆಯುವವರಲ್ಲಿ ರಾತ್ರಿ 50ರ ಆಸುಪಾಸಿಗೆ ಇಳಿಯುವುದು ಅಪರೂಪವಲ್ಲ. ಎಚ್ಚರವಿರುವಾಗ ನಾಡಿ ಅಷ್ಟು ಕಡಿಮೆಯಿದ್ದು, ಜೊತೆಗೆ ತಲೆಸುತ್ತು, ಕಣ್ಣು ಕತ್ತಲೆ ಬರುವುದು, ವಿಪರೀತ ಸುಸ್ತು ಇದ್ದರೆ ಮಾತು ಬೇರೆ. ಆಗ ವಾಚ್ ಏನೇ ಹೇಳಲಿ, ವೈದ್ಯರಿಗೆ ತೋರಿಸಲೇಬೇಕು.

ಈ ವಾಚುಗಳ ಅಡಿಯಲ್ಲಿ ಹಸಿರು ಬೆಳಕು ಮಿನುಗುವುದನ್ನು ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗ ಮಣಿಕಟ್ಟಿನ ಸಣ್ಣ ರಕ್ತನಾಳಗಳು ತುಂಬಿ, ಮರಳಿ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿದರೆ ನಾಡಿಯ ಸಂಖ್ಯೆ ಸಿಕ್ಕಿತು. ಪಟ್ಟಿ ಸಡಿಲವಿದ್ದರೆ, ಕೈ ಆಡುತ್ತಿದ್ದರೆ, ಚಳಿಗೆ ಚರ್ಮ ತಣ್ಣಗಾಗಿದ್ದರೆ ಎಣಿಕೆ ತಪ್ಪುತ್ತದೆ. ಒಮ್ಮೆ ಕ್ಲಿನಿಕ್ಕಿನಲ್ಲಿ ಬಿಡುವಿದ್ದಾಗ ಒಂದು ಅಗ್ಗದ ವಾಚನ್ನು ಬಾಳೆಹಣ್ಣಿಗೆ ಕಟ್ಟಿ ನೋಡಿದೆ. ಬಾಳೆಹಣ್ಣಿನ ನಾಡಿ 76 ಎಂದು ತೋರಿಸಿತು! ಕಾಂಪೌಂಡರ್ ಹುಡುಗ ನಕ್ಕು ನಕ್ಕು ಸುಸ್ತಾದ. ಒಳ್ಳೆಯ ವಾಚುಗಳು ಮನುಷ್ಯರ ಕೈಯಲ್ಲಿ, ಸುಮ್ಮನೆ ಕೂತಾಗ, ನಾಡಿಯ ಸಂಖ್ಯೆಯನ್ನು ಸಾಕಷ್ಟು ಸರಿಯಾಗಿಯೇ ಹೇಳುತ್ತವೆ. ಆದರೆ ಅವು ಹೇಳುವುದು ಸಂಖ್ಯೆಯನ್ನು ಮಾತ್ರ.

ಯುನಾನಿಯಲ್ಲಿ ನಬ್ಜ್ ನೋಡುವಾಗ ಹತ್ತು ಅಂಶಗಳನ್ನು ಗಮನಿಸಬೇಕೆಂದು ಕಲಿಸುತ್ತಾರೆ. ವೇಗ ಅದರಲ್ಲಿ ಒಂದು. ಬಲ, ತುಂಬು, ಮೃದುತ್ವ, ಬಿಸಿ, ಲಯ ಮುಂತಾದವೂ ಇವೆ. ಜೊತೆಗೆ ಒಂದು ನಿಯಮ: ಸಿಟ್ಟಿನಲ್ಲಿರುವವನ, ಈಗಷ್ಟೇ ಓಡಿಬಂದವನ, ಹೊಟ್ಟೆ ಬಿರಿಯ ಉಂಡವನ ನಾಡಿ ನೋಡಿ ತೀರ್ಮಾನಕ್ಕೆ ಬರಬಾರದು. ಇಬ್ನ್ ಸೀನಾರ ಕಾಲದಿಂದಲೂ ಇದು ಹಕೀಮರಿಗೆ ಗೊತ್ತಿರುವ ಮಾತು. ನೀವು ಮಗಳ ಮದುವೆಯ ಸಾಲದ ಲೆಕ್ಕ ಹಾಕುತ್ತಾ ಕೂತಿದ್ದೀರೋ, ಮೆಟ್ಟಿಲು ಹತ್ತಿ ಬಂದಿದ್ದೀರೋ ವಾಚಿಗೆ ತಿಳಿಯದು. 104 ಎಂದು ತೋರಿಸುತ್ತದೆ. ಅದನ್ನು ನೋಡಿ ನೀವು ಹೆದರುತ್ತೀರಿ, ಹೆದರಿದ್ದಕ್ಕೆ ಅದು 112 ಆಗುತ್ತದೆ.

2025ರ ಜೂನ್‌-ಜುಲೈ ನೆನಪಿಸಿಕೊಳ್ಳಿ. ನಮ್ಮ ಪಕ್ಕದ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಒಬ್ಬರ ಹಿಂದೆ ಒಬ್ಬರು, ಅದರಲ್ಲೂ ಚಿಕ್ಕ ವಯಸ್ಸಿನವರು ತೀರಿಕೊಂಡರೆಂಬ ಸುದ್ದಿ ದಿನವೂ ಬರುತ್ತಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಜನ ಸಾಲುಗಟ್ಟಿದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಹಿಂದಿನ ಅವಧಿಗೆ ಹೋಲಿಸಿದರೆ ಅಸಹಜ ಏರಿಕೆ ಕಂಡಿಲ್ಲವೆಂದು ಸಮಿತಿ ವರದಿ ಕೊಟ್ಟಿತು. ಆದರೆ ಹೆದರಿಕೆ ಅಷ್ಟು ಬೇಗ ಇಳಿಯಲಿಲ್ಲ. ನನ್ನಲ್ಲಿಗೆ ಬರುವವರಲ್ಲಿ ಎಷ್ಟೋ ಮಂದಿ ಆ ತಿಂಗಳುಗಳಲ್ಲೇ ವಾಚ್ ಕೊಂಡವರು. ‘ಎದೆಗೆ ಕಾವಲು ಇರಲಿ’ ಎಂದು ಕೊಂಡದ್ದು. ಆ ಕಾವಲನ್ನು ನಂಬಿ ಕೆಟ್ಟ ಒಬ್ಬರ ಕಥೆಯನ್ನು ಹೇಳಲೇಬೇಕು.

ಅವರು ಮರದ ಮಿಲ್ಲಿನಲ್ಲಿ ಕೆಲಸ ಮಾಡುವವರು, ವಯಸ್ಸು ಐವತ್ತು ದಾಟಿಲ್ಲ, ಬೀಡಿ ಅಭ್ಯಾಸ. ಒಂದು ಸಂಜೆ ಎದೆ ಬಿಗಿದಂತಾಗಿ, ನೋವು ದವಡೆಯವರೆಗೆ ಬಂದು, ಮೈಯೆಲ್ಲ ಬೆವೆತಿತು. ಆಸ್ಪತ್ರೆಗೆ ಹೋಗೋಣ ಎಂದು ಮಡದಿ ಹಟ ಹಿಡಿದರು. ಇವರು ಮಣಿಕಟ್ಟು ತೋರಿಸಿದರು: “ನೋಡು, 82. ಆಕ್ಸಿಜನ್ 98. ಎಲ್ಲಾ ಹಸಿರು ಇದೆ. ಗ್ಯಾಸು, ಅಷ್ಟೇ.” ಸೋಡಾ ಕುಡಿದು ಮಲಗಿದರು. ಮಾರನೇ ಬೆಳಗ್ಗೆ ಗ್ಯಾಸಿಗೆ ಔಷಧಿ ಕೇಳಿಕೊಂಡು ನನ್ನ ಬಳಿ ಬಂದಾಗ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಔಷಧಿ ಕೊಡಲಿಲ್ಲ, ನೇರ ಇಸಿಜಿಗೆ ಕಳಿಸಿದೆ. ಮೈಸೂರಿನಲ್ಲಿ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಆದರೆ ರಾತ್ರಿಯಿಡೀ ರಕ್ತ ಸಿಗದ ಹೃದಯದ ಸ್ನಾಯು ಮೊದಲಿನಂತಾಗಲಿಲ್ಲ. ಈಗ ಅವರು ದಿಮ್ಮಿ ಎತ್ತಲಾರರು. ಮಿಲ್ಲಿನ ಗೇಟಿನಲ್ಲಿ ಕೂತು ಲೆಕ್ಕ ಬರೆಯುತ್ತಾರೆ.

ವಾಚ್ ಸುಳ್ಳು ಹೇಳಿರಲಿಲ್ಲ. ನಾಡಿ ನಿಜವಾಗಿ 82 ಇದ್ದಿರಬಹುದು. ಹೃದಯದ ರಕ್ತನಾಳ ಕಟ್ಟಿಕೊಂಡಾಗ ನಾಡಿಯ ಸಂಖ್ಯೆ ಬದಲಾಗಲೇಬೇಕೆಂದಿಲ್ಲ, ಆಕ್ಸಿಜನ್ ಇಳಿಯಲೇಬೇಕೆಂದಿಲ್ಲ. ಬೆರಳಿಟ್ಟು ಇಸಿಜಿ ತೆಗೆಯುವ ದುಬಾರಿ ವಾಚುಗಳೂ ಹೃದಯಾಘಾತವನ್ನು ಪತ್ತೆ ಮಾಡಲಾರವು. ಅವುಗಳನ್ನು ತಯಾರಿಸುವ ಕಂಪನಿಗಳೇ ಹೀಗೆಂದು ಸೂಚನೆಯಲ್ಲಿ ಬರೆದಿರುತ್ತವೆ, ನಾವು ಓದುವುದಿಲ್ಲ. ಅವರಿಗೆ ವಾಚ್ ಕೊಳ್ಳಲು ಹೇಳಿದವನು ನಾನೇ, ಬೀಡಿ ಬಿಟ್ಟು ನಡೆಯಲು ಶುರುಮಾಡಲಿ ಎಂದು. ಅದು ಏನನ್ನು ತೋರಿಸುವುದಿಲ್ಲ ಎಂದು ಆಗ ಹೇಳಿರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಎದೆ ನಡುವೆ ಭಾರ, ಎಡಗೈಗೆ, ಬೆನ್ನಿಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು: ಇವು ಹತ್ತು ನಿಮಿಷದಲ್ಲಿ ಇಳಿಯದಿದ್ದರೆ ವಾಚ್ ನೋಡಬೇಡಿ, 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ ನೋವು ಅಷ್ಟಾಗಿ ಇಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಬರಬಹುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅದನ್ನು ಹೃದ್ರೋಗ ತಜ್ಞರಿಗೆ ತೋರಿಸಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದು ಕೆಲಸ ಮಾಡುವುದು ಮೊದಲ ಕೆಲವು ಗಂಟೆಗಳಲ್ಲಿ.

ವಾಚಿಗೆ ನ್ಯಾಯ ಸಲ್ಲಿಸಬೇಕಾದ ಒಂದು ವಿಷಯವೂ ಇದೆ. ನಾಡಿ ಅಡ್ಡಾದಿಡ್ಡಿ ಬಡಿಯುವ, ಮುಂದೆ ಲಕ್ವಕ್ಕೆ ಕಾರಣವಾಗಬಲ್ಲ ಒಂದು ಹೃದಯದೋಷವಿದೆ, ಏಟ್ರಿಯಲ್ ಫಿಬ್ರಿಲೇಶನ್ ಎಂದು. ಅಮೆರಿಕದಲ್ಲಿ ಸುಮಾರು 4 ಲಕ್ಷ 19 ಸಾವಿರ ಮಂದಿಯ ಮೇಲೆ ಆಪಲ್ ವಾಚ್ ಬಳಸಿ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎಚ್ಚರಿಕೆ ಬಂದದ್ದು ನೂರಕ್ಕೆ ಅರ್ಧದಷ್ಟು ಮಂದಿಗೆ. ಅವರಲ್ಲಿ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಪರೀಕ್ಷೆ ಮುಗಿಸಿದವರ ಪೈಕಿ ಮೂರನೇ ಒಂದು ಭಾಗದಲ್ಲಿ ಆ ದೋಷ ಕಂಡಿತು. ಹಾಗಾಗಿ ‘ನಾಡಿ ಕ್ರಮ ತಪ್ಪಿದೆ’ ಎಂಬ ಸೂಚನೆ ಮತ್ತೆ ಮತ್ತೆ ಬಂದರೆ ಹೆದರದೆ, ಹಾಗೆಂದು ತಳ್ಳಿಯೂ ಹಾಕದೆ, ಹಗಲು ಹೊತ್ತಿನಲ್ಲಿ ಹೋಗಿ ಇಸಿಜಿ ಮಾಡಿಸಿ.

ಚುಚ್ಚದೆ ರಕ್ತದ ಸಕ್ಕರೆ ಹೇಳುತ್ತೇವೆಂಬ ವಾಚುಗಳನ್ನಂತೂ ನಂಬಲೇಬೇಡಿ. ಅಂಥ ಯಾವ ವಾಚಿಗೂ, ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಅದರ ಲೆಕ್ಕ ನೋಡಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿದರೆ ಜೀವಕ್ಕೇ ಅಪಾಯ.

ಇನ್ನು ನಿದ್ದೆ. ಬೆಳಗ್ಗೆ ಎದ್ದ ಕೂಡಲೇ ‘ನಿಮ್ಮ ನಿದ್ದೆಗೆ 61 ಅಂಕ’ ಎಂದು ಕಂಡರೆ ಚೆನ್ನಾಗಿ ಮಲಗಿ ಎದ್ದವರಿಗೂ ಆಕಳಿಕೆ ಬರುತ್ತದೆ. ತಮಾಷೆಯಲ್ಲ. ಅಮೆರಿಕದ ಕೊಲೊರಾಡೊ ಕಾಲೇಜಿನ ಸಂಶೋಧಕರು ಕೆಲವರಿಗೆ ‘ನಿಮ್ಮದು ಒಳ್ಳೆಯ ನಿದ್ದೆ’, ಇನ್ನು ಕೆಲವರಿಗೆ ‘ನಿಮ್ಮದು ಕೆಟ್ಟ ನಿದ್ದೆ’ ಎಂದು ಸುಮ್ಮನೆ ಹೇಳಿ ಬುದ್ಧಿಯ ಪರೀಕ್ಷೆ ಕೊಟ್ಟರು. ನಿಜವಾಗಿ ಹೇಗೆ ಮಲಗಿದ್ದರೆಂಬುದಕ್ಕಿಂತ ಅವರಿಗೆ ಏನು ಹೇಳಲಾಗಿತ್ತೋ ಅದರಂತೆ ಫಲ ಬಂತು. ಇದು 2014ರಲ್ಲಿ ಪ್ರಕಟವಾದದ್ದು. ಅಂಕದ ಹಿಂದೆ ಬಿದ್ದು ನಿದ್ದೆಗೆಟ್ಟವರನ್ನು ಕಂಡ ಅಲ್ಲಿನ ವೈದ್ಯರು 2017ರಲ್ಲಿ ಆ ಸ್ಥಿತಿಗೆ ‘ಆರ್ಥೋಸೋಮ್ನಿಯಾ’ ಎಂದು ಹೆಸರನ್ನೇ ಇಟ್ಟರು. ನಿದ್ದೆಯ ಹಂತಗಳನ್ನು ಸರಿಯಾಗಿ ತಿಳಿಯಲು ಮಿದುಳಿನ ಅಲೆಗಳನ್ನು ಅಳೆಯಬೇಕು. ವಾಚ್ ಕೈಯ ಅಲುಗಾಟ ಮತ್ತು ನಾಡಿ ನೋಡಿ ಊಹೆ ಮಾಡುತ್ತದೆ, ಅಷ್ಟೇ.

ರಮಝಾನಿನಲ್ಲಿ ಈ ತೊಂದರೆ ಹೆಚ್ಚು. ತರಾವೀಹ್ ಮುಗಿಸಿ ಮಲಗಿ, ಸಹರಿಗೆ ಎದ್ದು, ಫಜ್ರ್ ನಂತರ ಒಂದಷ್ಟು, ಲುಹ್ರ್ ನಂತರ ಒಂದಷ್ಟು ಮಲಗುತ್ತೇವೆ. ರಾತ್ರಿಯ ಒಂದೇ ಪಟ್ಟು ನಿದ್ದೆಗೆ ಅಂಕ ಹಾಕುವ ವಾಚಿಗೆ ಇದೆಲ್ಲ ಸರಿಯಾಗಿ ಲೆಕ್ಕಕ್ಕೆ ಸಿಗದು. ತಿಂಗಳಿಡೀ ಕೆಂಪು ತೋರಿಸುತ್ತದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಉಪವಾಸದಿಂದ ತನ್ನ ಹೃದಯ ಹಾಳಾಗುತ್ತಿದೆಯೆಂದು ಅಳುತ್ತಾ ಅಮ್ಮಿಯ ಜೊತೆ ಬಂದಿದ್ದಳು. ಅವಳಿಗೆ ಬೇಕಾಗಿದ್ದದ್ದು ಇಫ್ತಾರ್‌ನಿಂದ ಸಹರಿಯವರೆಗೆ ಸಾಕಷ್ಟು ನೀರು, ಮತ್ತು ರಾತ್ರಿ ವಾಚ್ ಬಿಚ್ಚಿಡುವುದು.

ಯುನಾನಿಯಲ್ಲಿ ಆರೋಗ್ಯದ ಆರು ಆಧಾರಗಳನ್ನು ಹೇಳುವಾಗ ನಿದ್ದೆ-ಎಚ್ಚರವನ್ನೂ, ಮನಸ್ಸಿನ ಚಲನೆ-ವಿಶ್ರಾಂತಿಯನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ಇಡೀ ದಿನ ಲೆಕ್ಕ ನೋಡುವ ಮನಸ್ಸಿಗೆ ವಿಶ್ರಾಂತಿಯೆಲ್ಲಿ?

ಈಗ ಚರ್ಮದ ವಿಷಯಕ್ಕೆ ಬರೋಣ, ಏಕೆಂದರೆ ನಾನು ದಿನವೂ ನೋಡುವುದು ಇದನ್ನೇ. ಮಣಿಕಟ್ಟಿನಲ್ಲಿ ವಾಚಿನ ಆಕಾರದ ಕೆಂಪು ಗುರುತು, ನವೆ, ಸಿಪ್ಪೆ ಏಳುವುದು, ಕೆಲವರಲ್ಲಿ ನೀರ್ಗುಳ್ಳೆ. 2014ರಲ್ಲಿ ಫಿಟ್‌ಬಿಟ್ ಕಂಪನಿ ಇದೇ ದೂರಿನಿಂದಾಗಿ ಸುಮಾರು 10 ಲಕ್ಷ ಪಟ್ಟಿಗಳನ್ನು ಅಮೆರಿಕದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಕಾರಣ ಹಲವು. ಲೋಹದ ಭಾಗದಲ್ಲಿರುವ ನಿಕಲ್ ಕೆಲವರಿಗೆ ಆಗದು (ಅಗ್ಗದ ಓಲೆ ಹಾಕಿದರೆ ಕಿವಿ ಕೀವಾಗುವವರು ಇಂಥವರೇ). ಪಟ್ಟಿಯಲ್ಲಿ ಬಳಸುವ ಅಂಟು ಕೆಲವರಿಗೆ ಒಗ್ಗದು. ಆದರೆ ನಮ್ಮಲ್ಲಿ ಮುಖ್ಯ ಕಾರಣ ಒದ್ದೆ.

ದಿನಕ್ಕೆ ಐದು ಸಲ ವುಝೂ. ನೀರು ಚರ್ಮಕ್ಕೆ ತಲಪಲೇಬೇಕಾದ್ದರಿಂದ ಬಹಳ ಮಂದಿ ವಾಚನ್ನು ಮೊಣಕೈ ಕಡೆಗೆ ಮೇಲಕ್ಕೆ ಸರಿಸಿ, ತೊಳೆದು, ಒದ್ದೆ ಕೈಯ ಮೇಲೇ ಮತ್ತೆ ಕೆಳಕ್ಕೆ ಎಳೆಯುತ್ತಾರೆ. ರಬ್ಬರಿನ ಪಟ್ಟಿಯಡಿ ಆ ನೀರು ಆರುವುದಿಲ್ಲ. ಪಾತ್ರೆ ತೊಳೆಯುವ ಹೆಂಗಸರಾದರೆ ಸೋಪಿನ ನೀರೂ ಸೇರುತ್ತದೆ, ಹೊಲದವರಾದರೆ ಬೆವರು ಮತ್ತು ತಂಬಾಕಿನ ಅಂಟು. ವಾರಗಟ್ಟಲೆ ಹೀಗಿದ್ದರೆ ಚರ್ಮ ಮೆತ್ತಗಾಗಿ ಹುಳುಕಡ್ಡಿಗೂ ದಾರಿಯಾಗುತ್ತದೆ.

ಮಾಡಬೇಕಾದದ್ದು ಕಷ್ಟವಲ್ಲ. ವುಝೂಗೆ ಮೊದಲು ವಾಚ್ ಪೂರ್ತಿ ಬಿಚ್ಚಿ ಜೇಬಿನಲ್ಲಿಡಿ. ನಮಾಝ್ ಮುಗಿದು ಕೈ ಪೂರ್ತಿ ಒಣಗಿದ ಮೇಲೆ ಕಟ್ಟಿ. ಪಟ್ಟಿಯನ್ನು ಎರಡು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ಒಂದು ವಾರ ಬಲಗೈ, ಒಂದು ವಾರ ಎಡಗೈ ಮಾಡಿ. ಗುರುತು ಮೂಡಿದ್ದರೆ ವಾಸಿಯಾಗುವವರೆಗೆ ಕಟ್ಟಲೇಬೇಡಿ. ತಣ್ಣನೆಯ ಅರ್ಕ್-ಎ-ಗುಲಾಬ್‌ನಲ್ಲಿ ಅದ್ದಿದ ಬಟ್ಟೆ ಇಟ್ಟರೆ ಉರಿ ಇಳಿಯುತ್ತದೆ. ನಿಂಬೆರಸ, ಟೂತ್‌ಪೇಸ್ಟ್, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಟ್ಯೂಬು ಬೇಡ. ನೀರ್ಗುಳ್ಳೆ, ಕೀವು ಇದ್ದರೆ ಚರ್ಮವೈದ್ಯರಿಗೆ ತೋರಿಸಿ. ಚಾರ್ಜ್ ಮಾಡುವಾಗ ವಾಚ್ ಬಿಸಿಯಾಗುತ್ತಿದ್ದರೆ ಅದನ್ನು ಮತ್ತೆ ಕೈಗೆ ಕಟ್ಟಬೇಡಿ.

ಹತ್ತು ಸಾವಿರ ಹೆಜ್ಜೆಯ ಬಗ್ಗೆ ಒಂದು ಮಾತು. ಆ ಸಂಖ್ಯೆ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆಗೇ ಲಾಭ ಕಂಡಿತ್ತು, 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಮಂಡಿ ಸವೆದ ನಾನಿಯರು ಬಾಕಿ ಹೆಜ್ಜೆ ಮುಗಿಸಲು ರಾತ್ರಿ ಹತ್ತಕ್ಕೆ ಟೆರೇಸಿನ ಮೇಲೆ ಸುತ್ತುವುದು ಬೇಡ.

ಮತ್ತೊಂದು, ಮನೆಯ ಹೆಣ್ಣುಮಕ್ಕಳಿಗೆ ವಾಚ್ ಕೊಡಿಸುವಾಗ ಗಮನಿಸಿ: ಮುಟ್ಟಿನ ದಿನ, ಮಲಗುವ ಹೊತ್ತು, ಓಡಾಡುವ ದಾರಿ ಎಲ್ಲ ಆಪ್ ಮೂಲಕ ಯಾವುದೋ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಬೇಕಿಲ್ಲದ ಅನುಮತಿಗಳನ್ನು ಸೆಟ್ಟಿಂಗ್‌ನಲ್ಲಿ ಮುಚ್ಚಿ, ಲೊಕೇಶನ್ ಆಫ್ ಮಾಡಿ.

ಆ ಹಿರಿಯರ ದೊಡ್ಡ ಮಗ ರಜೆಗೆ ಬಂದಾಗ ಕ್ಲಿನಿಕ್ಕಿಗೆ ಕರೆಸಿಕೊಂಡೆ. ಇಬ್ಬರೂ ಕೂತು ಫೋನಿನಲ್ಲಿ ರಾತ್ರಿಯ ಎಚ್ಚರಿಕೆಗಳನ್ನು ತೆಗೆದೆವು. ಇಶಾ ಆದ ಮೇಲೆ ವಾಚ್ ಚಾರ್ಜಿಗೆ, ಬೆಳಗಿನ ನಡಿಗೆಗೆ ಮಾತ್ರ ಕೈಗೆ ಎಂದು ಒಪ್ಪಂದವಾಯಿತು. ತೋಳಿಗೆ ಸುತ್ತುವ ಬಿಪಿ ಯಂತ್ರ ಒಂದನ್ನು ಅವನು ಕೊಡಿಸಿ ಹೋಗಿದ್ದಾನೆ. ವಾರಕ್ಕೆ ಎರಡು ದಿನ, ಬೆಳಗ್ಗೆ, ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ತಿಂಗಳಿಗೊಮ್ಮೆ ಆ ಪುಸ್ತಕ ನನ್ನ ಬಳಿ ಬರುತ್ತದೆ.